ಸೂರ್ಯನಿಗೆ ಅಡ್ಡ ನಿಂತ ಹೆಸರು

ಇವತ್ತಿನ ಪ್ರವಚನಕ್ಕೆ ದಾನದ ಮಾತು ಎತ್ತಿದ್ದೇನೆ. ದಾನ ಅಂದ ಕೂಡಲೇ ಹಿಂದಿನ ಸಾಲಿನವರು ಯಾಕೆ ಚಪ್ಪಲಿ ಹುಡುಕುತ್ತಿದ್ದೀರಿ? ಕೂತುಕೊಳ್ಳಿ. ಇವತ್ತು ಯಾರ ಹತ್ತಿರವೂ ಏನೂ ಕೇಳುವುದಿಲ್ಲ. ಒಂದು ಕಥೆ ಹೇಳುತ್ತೇನೆ, ಅಷ್ಟೇ. ಕಥೆ ಕೇಳುವುದಕ್ಕೆ ಖರ್ಚಿಲ್ಲ. ಕೇಳಿ ಮನೆಗೆ ಹೋದಮೇಲೆ ಏನಾದರೂ ಖರ್ಚು ಬಿದ್ದರೆ ಅದು ನಿಮ್ಮ ಹಣೆಬರಹ.

ಒಂದು ಊರು. ಆ ಊರಿಗೊಬ್ಬ ಶ್ರೀಮಂತ. ಹತ್ತಿ ಗಿರಣಿ ಇತ್ತು, ಪೆಟ್ರೋಲ್ ಬಂಕ್ ಇತ್ತು, ಒಂದು ಕಲ್ಯಾಣ ಮಂಟಪವೂ ಇತ್ತು. ಊರವರೆಲ್ಲ ಸಾವ್ಕಾರ್ರು ಅಂತ ಕರೆಯುತ್ತಿದ್ದರು. ಅವನ ಹೆಸರು ಮಾತ್ರ ನಾನು ಹೇಳುವುದಿಲ್ಲ. ಯಾಕೆ? ಇಲ್ಲಿ ಮೈಕಿನಲ್ಲಿ ಹೇಳಿದರೆ ಅವನಿಗೆ ಅದೂ ಒಂದು ಬೋರ್ಡು ಆಗುತ್ತದೆ. ಅವನ ಹತ್ತಿರ ಬೋರ್ಡುಗಳು ಸಾಕಷ್ಟಿವೆ.

ನೋಡಿ, ಅವನು ದಾನಿ ಅನ್ನುವುದರಲ್ಲಿ ಎರಡು ಮಾತಿಲ್ಲ. ಕೊಡುತ್ತಿದ್ದ. ಕೈ ಬಿಚ್ಚಿ ಕೊಡುತ್ತಿದ್ದ. ಬಸ್ ನಿಲ್ದಾಣಕ್ಕೆ ಕಲ್ಲಿನ ಬೆಂಚು ಹಾಕಿಸಿದ. ಒರಗಿ ಕೂತವರ ಬೆನ್ನಿಗೆ ಒತ್ತುವ ಹಾಗೆ ಅದರ ಮೇಲೆ ಹೆಸರು ಕೆತ್ತಿಸಿದ. ಶಾಲೆಗೆ ಗೋಡೆ ಗಡಿಯಾರ ಕೊಟ್ಟ. ಗಾಜಿನ ಮೇಲೆ ಹೆಸರು ಎಷ್ಟು ದಪ್ಪ ಬರೆಸಿದ್ದ ಅಂದರೆ, ಮುಳ್ಳು ಎಲ್ಲಿದೆ ಅಂತ ಮಾಸ್ತರರು ಕುರ್ಚಿ ಹತ್ತಿ ನೋಡಬೇಕಾಗುತ್ತಿತ್ತು. ಸ್ಮಶಾನಕ್ಕೂ ಗೇಟು ಹಾಕಿಸಿದ. ಹೆಣ ಹೊತ್ತವರು ತಲೆ ಎತ್ತಿ ಅವನ ಹೆಸರು ಓದಿಕೊಂಡೇ ಒಳಗೆ ಹೋಗಬೇಕು. ನಗುತ್ತಿದ್ದೀರಿ. ನಗಿ, ನಗಿ. ಸ್ವಲ್ಪ ಉಳಿಸಿಕೊಂಡು ನಗಿ, ಮುಂದೆ ಬೇಕಾಗುತ್ತದೆ.

ಅದೇ ಊರಲ್ಲಿ, ಬಸ್ ನಿಲ್ಲುವ ಜಾಗದ ಎದುರಿಗೆ, ಒಂದು ಧರ್ಮಾರ್ಥ ಆಸ್ಪತ್ರೆ. ಕಿಡ್ನಿ ಕೆಟ್ಟವರಿಗೆ ಅಲ್ಲಿ ಪುಕ್ಕಟೆ ಡಯಾಲಿಸಿಸ್. ಗೊತ್ತಲ್ಲ? ಮೈಯ ರಕ್ತವನ್ನು ಯಂತ್ರ ಹೊರಗೆ ಎಳೆದುಕೊಂಡು, ತೊಳೆದು, ಮತ್ತೆ ಒಳಗೆ ಬಿಡುತ್ತದೆ. ವಾರದಲ್ಲಿ ಎರಡು ಮೂರು ಸಲ ಆಗಲೇಬೇಕು. ತಪ್ಪಿದರೆ ಕಾಲು ಊದುತ್ತದೆ, ಉಸಿರು ಸಿಗುವುದಿಲ್ಲ, ಮನುಷ್ಯ ಉಳಿಯುವುದಿಲ್ಲ. ಹುಟ್ಟುಹಬ್ಬಕ್ಕೊಮ್ಮೆ ಬ್ರೆಡ್ಡು, ಬಾಳೆಹಣ್ಣು ಹಂಚಿ ಫೋಟೋ ತೆಗೆಸಿಕೊಂಡರೆ ಮುಗಿಯುವ ಕೆಲಸ ಅಲ್ಲ ಅದು.

ಆ ಆಸ್ಪತ್ರೆಯನ್ನು ಒಬ್ಬ ಡಾಕ್ಟರಮ್ಮ ನಡೆಸುತ್ತಿದ್ದರು. ಯಂತ್ರಗಳು ಇದ್ದವು. ನರ್ಸುಗಳು ಇದ್ದರು. ಆದರೂ ಡಯಾಲಿಸಿಸ್ ನಡೆಯುತ್ತಿದ್ದದ್ದು ಬೆಳಗಿನ ಒಂದೇ ಸರದಿ. ಮಧ್ಯಾಹ್ನ ಯಂತ್ರಗಳಿಗೆ ಬಟ್ಟೆ ಹೊದಿಸಿ ಮಲಗಿಸುತ್ತಿದ್ದರು. ಯಾಕೆ? ಕರೆಂಟ್ ಬಿಲ್ಲು. ಆ ಯಂತ್ರ, ಅದಕ್ಕೆ ಬೇಕಾದ ಶುದ್ಧ ನೀರಿನ ಯಂತ್ರ, ಎ.ಸಿ., ಪಂಪು, ಎಲ್ಲವೂ ಕರೆಂಟು ಕುಡಿಯುತ್ತವೆ. ಡಾಕ್ಟರಮ್ಮ ಮನೆಮನೆಗೆ ಹೋಗಿ ಕೇಳಿದರು. ಎಲ್ಲರೂ ಒಳ್ಳೆಯವರೇ. 'ಇನ್ನೊಂದು ಮಷಿನ್ ಕೊಡಸ್ತೇವ್ರಿ' ಅಂದರು. 'ಮಂಚ ಕೊಡಸ್ತೇವ್ರಿ' ಅಂದರು. 'ಕರೆಂಟ್ ಬಿಲ್ ಕಟ್ಟುತ್ತೀರಾ?' ಅಂದರೆ ಎಲ್ಲರೂ ಗಡಿಯಾರ ನೋಡಿಕೊಂಡರು. ಯಂತ್ರದ ಮೇಲೆ ಹೆಸರು ಬರೆಸಬಹುದು, ಮಂಚದ ಮೇಲೆ ಬರೆಸಬಹುದು. ತಂತಿಯೊಳಗೆ ಹರಿಯುವ ಕರೆಂಟಿನ ಮೇಲೆ ಹೆಸರು ಎಲ್ಲಿ ಬರೆಸುತ್ತೀರಿ?

ಈಗ ಇನ್ನೊಬ್ಬಳು ಬರುತ್ತಾಳೆ. ಇವಳ ಹೆಸರು ಹೇಳುತ್ತೇನೆ, ಯಾಕೆಂದರೆ ಇವಳ ಹೆಸರನ್ನು ಯಾವ ಗೋಡೆಯ ಮೇಲೂ ಯಾರೂ ಬರೆಸಿಲ್ಲ. ಬಳಿಗಾರ ಇಮಾಂಬಿ. ಊರಿನ ಅರ್ಧ ಹೆಣ್ಣುಮಕ್ಕಳ ಮುಂಗೈಗೆ ಬಳೆ ತೊಡಿಸಿದವಳು. ಅವಳ ಕಿಡ್ನಿ ಕೈಕೊಟ್ಟಿದ್ದವು. ಬೆಳಗಿನ ಸರದಿಯಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಹಾಗಾಗಿ ನಸುಕಿನ ಬಸ್ಸು ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗುವುದು, ಅಲ್ಲಿ ಪಾಳಿ ಹಚ್ಚುವುದು, ಸಂಜೆ ಬಸ್ಸಿನಲ್ಲಿ ತೂಗಾಡುತ್ತ ಬರುವುದು, ಮರುದಿನ ಎದ್ದೇಳಲಾಗದೆ ಮಲಗುವುದು. ಬಳೆ ಮಾರುವುದು ಯಾವಾಗ? ಹೊಟ್ಟೆಗೆ ಏನು? ಅವಳನ್ನು ನೋಡಿದಾಗಲೆಲ್ಲ ಡಾಕ್ಟರಮ್ಮ ಹೇಳುತ್ತಿದ್ದರು, 'ಮಧ್ಯಾಹ್ನದ ಸರದಿ ಶುರು ಆದ ದಿವಸ ಮೊದಲನೇ ಮಂಚ ನಿಂದ ನೋಡ, ಇಮಾಂಬಿ.'

ಅಷ್ಟರಲ್ಲಿ ಸೋಲಾರ್ ಕಂಪನಿಯ ಎಂಜಿನಿಯರ್ ಒಬ್ಬ ಬಂದ. ಧರ್ಮಸಂಸ್ಥೆಗಳ ಜೊತೆ ಪಾಲುದಾರಿಕೆ ಮಾಡುವುದೇ ಅವನ ಕೆಲಸ. ಮಾತು ಸರಳ. ಮಾಳಿಗೆ ಆಸ್ಪತ್ರೆಯದು, ದುಡ್ಡು ಒಬ್ಬ ದಾನಿಯದು, ಸೋಲಾರ್ ಪ್ಲೇಟು ಕೂಡಿಸಿ ನೋಡಿಕೊಳ್ಳುವ ಕೆಲಸ ಕಂಪನಿಯದು. ಹಗಲೆಲ್ಲ ಬಿಸಿಲಿನಿಂದ ಯಂತ್ರ ನಡೆಯುತ್ತದೆ, ಬಿಲ್ಲು ಇಳಿಯುತ್ತದೆ, ಉಳಿದ ದುಡ್ಡಿನಲ್ಲಿ ಮಧ್ಯಾಹ್ನದ ಸರದಿ. ಮೂವರು ಪಾಲುದಾರರು. ನನ್ನನ್ನು ಕೇಳಿದರೆ ನಾಲ್ವರು. ನಾಲ್ಕನೆಯವನು ಸೂರ್ಯ. ದೊಡ್ಡ ಪಾಲು ಅವನದೇ. ಅವನೊಬ್ಬ ಮಾತ್ರ ಬೋರ್ಡು ಕೇಳಲಿಲ್ಲ.

ದುಡ್ಡಿಗಾಗಿ ಎಲ್ಲರೂ ಸಾವ್ಕಾರನ ಮನೆಗೆ ಹೋದರು. ಅವನು ಚಹಾ ಕುಡಿಸಿದ, ಎಲ್ಲ ಕೇಳಿಸಿಕೊಂಡ, ಒಪ್ಪಿಕೊಂಡ. ಒಂದೇ ಪ್ರಶ್ನೆ ಕೇಳಿದ. ಎಷ್ಟು ರೋಗಿಗಳಿಗೆ ಅನುಕೂಲ ಅಂತ ಕೇಳಿದನೇ? ಇಲ್ಲ.

'ನನ್ನ ಹೆಸರು ಎಲ್ಲಿ ಬರತೈತಿ?'

ಪ್ಲೇಟುಗಳು ಮಾಳಿಗೆಯ ಮೇಲೆ, ಆಕಾಶಕ್ಕೆ ಮುಖ ಮಾಡಿ ಇರುತ್ತವೆ. ಅವುಗಳ ಮೇಲೆ ಬರೆದರೆ ಕಾಗೆ ಓದಬೇಕು. ಸಾವ್ಕಾರನಿಗೆ ಅದು ಸರಿ ಬರಲಿಲ್ಲ. ರಸ್ತೆ ಇರುವುದು ಆಸ್ಪತ್ರೆಯ ದಕ್ಷಿಣಕ್ಕೆ, ಬಸ್ ನಿಲ್ಲುವುದೂ ಅಲ್ಲೇ. ಮಾಳಿಗೆಯ ದಕ್ಷಿಣದ ಅಂಚಿಗೆ, ಪ್ಲೇಟುಗಳ ಮುಂದೆ, ಆಳೆತ್ತರಕ್ಕಿಂತ ದೊಡ್ಡ ಬೋರ್ಡು ನಿಲ್ಲಿಸಬೇಕು ಅಂದ. ಎಂಜಿನಿಯರ್ ತಡೆದ.

'ಸರ್, ದಕ್ಷಿಣಕ್ಕ ಎತ್ತರದ್ದು ಏನೂ ನಿಲ್ಲಸಬಾರದ್ರಿ. ಈಗೇನೋ ಬ್ಯಾಸಗಿ, ಸೂರ್ಯ ನೆತ್ತಿ ಮ್ಯಾಲೆ ಅದಾನ. ದಸರಾ ದಾಟಿತಂದ್ರ ಆ ಕಡೆ ವಾಲತಾನ. ಬೋರ್ಡಿನ ನೆರಳು ಪ್ಲೇಟಿನ ಮ್ಯಾಲೆ ಬೀಳತೈತಿ.'

'ದಸರಾಕ್ಕ ಇನ್ನಾ ಭಾಳ ದಿನ ಐತಿ,' ಅಂದ ಸಾವ್ಕಾರ. 'ಬೋರ್ಡ್ ಇಲ್ಲಂದ್ರ ಈ ಕೆಲಸಾನೂ ಇಲ್ಲ.'

ಡಾಕ್ಟರಮ್ಮ ಬಾಯಿ ತೆರೆದರು, 'ಬೋರ್ಡ್ ಕೆಳಗ ಬಾಗಲದ ಹತ್ರ ಹಾಕೋಣ್ರಿ' ಅಂತ. ಪಕ್ಕದಲ್ಲಿದ್ದ ಆಸ್ಪತ್ರೆ ಕಮಿಟಿಯ ಹಿರಿಯರು ಅವರ ಕಡೆ ಕಣ್ಣು ಬಿಟ್ಟರು. ದಾನಿಗಳ ಮನಸ್ಸು ನೋಯಬಾರದಲ್ಲ! ರೋಗಿಯ ಮೈ ನೋಯಬಹುದು, ಅದಕ್ಕೆ ಅಭ್ಯಾಸ ಇದೆ. ದಾನಿಯ ಮನಸ್ಸು ನೋಯಬಾರದು. ಎಂಜಿನಿಯರನಿಗೆ ಕೆಲಸ ಬೇಕಿತ್ತು, ಕಮಿಟಿಗೆ ದಾನಿ ಬೇಕಿತ್ತು. ಇಬ್ಬರೂ ಬೋರ್ಡಿಗೆ ಒಪ್ಪಿದರು.

ಬಸವ ಜಯಂತಿಯ ದಿನ ಉದ್ಘಾಟನೆ. ಶಾಲು, ಹಾರ, ಬ್ಯಾಂಡು. ಬೋರ್ಡಿನ ತುದಿಯಲ್ಲಿ ದೇವರ ಹೆಸರು. ಅದರ ಕೆಳಗೆ ಲಿಂಗೈಕ್ಯರಾದ ತಂದೆಯ ಹೆಸರು. ಅದರ ಕೆಳಗೆ ಧರ್ಮಪತ್ನಿಯ ಹೆಸರು. ಎಲ್ಲಕ್ಕಿಂತ ಕೆಳಗೆ ವಿನಯದಿಂದ ಅವನದು. ವಿನಯ ಅಂದರೆ, ಮೇಲಿನ ಮೂರನ್ನೂ ಕೂಡಿಸಿದರೂ ಸಾಲದಷ್ಟು ದಪ್ಪ ಅಕ್ಷರ. ಸುತ್ತಲೂ ಬಣ್ಣದ ಲೈಟಿನ ಸರ. ಕತ್ತಲಾದಮೇಲೆ ಹೆಸರು ಕಾಣದಿದ್ದರೆ ಹೇಗೆ? ಆ ಲೈಟಿಗೆ ಕರೆಂಟು ಎಲ್ಲಿಂದ ಅಂತೀರಿ? ಆಸ್ಪತ್ರೆಯಿಂದಲೇ.

ಆದರೂ ಸುಳ್ಳು ಹೇಳಬಾರದು. ಬೇಸಿಗೆಯ ಬಿಸಿಲಿಗೆ ಪ್ಲೇಟುಗಳು ಕೆಲಸ ಮಾಡಿದವು, ಚೆನ್ನಾಗಿಯೇ ಮಾಡಿದವು. ಬಿಲ್ಲು ಸರ್ರನೆ ಇಳಿಯಿತು. ಮಧ್ಯಾಹ್ನದ ಸರದಿ ಶುರುವಾಯಿತು. ಡಾಕ್ಟರಮ್ಮ ಮಾತಿಗೆ ತಪ್ಪಲಿಲ್ಲ, ಮೊದಲನೇ ಮಂಚ ಇಮಾಂಬಿಗೆ. ಬೆಳಿಗ್ಗೆ ಓಣಿಯಲ್ಲಿ ಬಳೆ ಮಾರಿ, ಮಧ್ಯಾಹ್ನ ಬಂದು ಮಲಗಿ, ಸಂಜೆ ನಡೆದುಕೊಂಡೇ ಮನೆಗೆ ಹೋಗುತ್ತಿದ್ದಳು. ಮುಖದಲ್ಲಿ ಕಳೆ ಬಂತು. ನಾಗರಪಂಚಮಿಗೆ ಊರ ತುಂಬ ಓಡಾಡಿ ಬಳೆ ತೊಡಿಸಿದಳು. ಒಂದು ಬದುಕು ಮತ್ತೆ ನೆಟ್ಟಗಾಗುವುದು ಅಂದರೆ ಇಷ್ಟೇ ನೋಡಿ, ದೊಡ್ಡದೇನಲ್ಲ.

ದಸರಾ ಬಂತು, ದಾಟಿತು. ಸೂರ್ಯ ತನ್ನ ಪಾಡಿಗೆ ದಕ್ಷಿಣಕ್ಕೆ ವಾಲಿದ. ಅವನು ಕಮಿಟಿಯ ಮಾತು ಕೇಳುವವನಲ್ಲ, ಶಾಲು ಹೊದಿಸಿದರೆ ನಿಲ್ಲುವವನೂ ಅಲ್ಲ. ಬೋರ್ಡಿನ ನೆರಳು ಮೆಲ್ಲಗೆ ಬಂದು ಪ್ಲೇಟುಗಳ ಮೇಲೆ ಮಲಗಿತು. ಪ್ಲೇಟುಗಳನ್ನು ಒಂದಕ್ಕೊಂದು ಸಾಲಾಗಿ ಕಟ್ಟಿರುತ್ತಾರೆ. ಒಂದರ ಮೇಲೆ ನೆರಳು ಬಿದ್ದರೆ ಸಾಲೇ ಸೊರಗುತ್ತದೆ. ಬಿಲ್ಲು ಮತ್ತೆ ಏರಿತು. ದೀಪಾವಳಿ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಸರದಿ ಮುಚ್ಚಿತು. ಯಂತ್ರಗಳಿಗೆ ಮತ್ತೆ ಬಟ್ಟೆ ಹೊದಿಸಿದರು. ಇಮಾಂಬಿ ಮತ್ತೆ ನಸುಕಿನ ಬಸ್ಸಿಗೆ ನಿಂತಳು.

ಕಮಿಟಿ ಸಭೆ ಸೇರಿತು. ಆಹಾ, ಆ ಸಭೆಯನ್ನು ನೀವು ನೋಡಬೇಕಿತ್ತು! ಒಬ್ಬರು ಡೀಸೆಲ್ ಜನರೇಟರ್ ತರೋಣ ಅಂದರು. ಇನ್ನೊಬ್ಬರು ಪ್ಲೇಟುಗಳನ್ನೇ ಕಿತ್ತು ಪಕ್ಕದ ಶಾಲೆಯ ಮೇಲೆ ಕೂಡಿಸೋಣ ಅಂದರು. ಒಬ್ಬರು ಶಾಂತಿ ಮಾಡಿಸೋಣ ಅಂದರು. ಎಲ್ಲರಿಗಿಂತ ಹಿರಿಯರು, ತಿಳಿವಳಿಕಸ್ಥರು, ಗಂಟಲು ಸರಿಮಾಡಿಕೊಂಡು ಹೇಳಿದರು, 'ಸಂಕ್ರಾಂತಿ ಆದಮ್ಯಾಲೆ ಸೂರ್ಯ ತಾನ ಹೊಳ್ಳಿ ಬರತಾನ. ಅಲ್ಲೀತನಕ ತಡಕೊಂಡ್ರಾತು.' ಎಲ್ಲರೂ ಹೌದೌದು ಅಂದರು. ಇಮಾಂಬಿಯ ಮೈಯ ರಕ್ತ ಸಂಕ್ರಾಂತಿಯ ತನಕ ತಡೆದುಕೊಳ್ಳುತ್ತದೆಯೇ? ಆ ಪ್ರಶ್ನೆ ಯಾರೂ ಕೇಳಲಿಲ್ಲ. ಬೋರ್ಡು ಇಳಿಸೋಣ ಅಂದದ್ದು ಡಾಕ್ಟರಮ್ಮ ಒಬ್ಬರೇ. ಅವರ ಮಾತು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಉಪ್ಪಿಟ್ಟು ಬಂದಿತ್ತು.

ಅದೇ ದಿನಗಳಲ್ಲಿ ಸಾವ್ಕಾರನ ಮನೆಯಲ್ಲಿ ಸೊಸೆಗೆ ಕುಬಸದ ಕಾರ್ಯ. ಬಸುರಿಗೆ ಹಸಿರು ಬಳೆ ತೊಡಿಸಬೇಕು, ಇಮಾಂಬಿಯೇ ಬರಬೇಕು. ಬಂದಳು. ಕಾಲು ಊದಿಕೊಂಡಿತ್ತು, ಗೋಡೆ ಹಿಡಿದು ಕೂತಳು. ಸೊಸೆಗೆ ತೊಡಿಸಿದಳು, ಸಾವ್ಕಾರನ ಹೆಂಡತಿಗೆ ತೊಡಿಸಿದಳು. ಅಷ್ಟರಲ್ಲಿ ಸಾವ್ಕಾರ ಪಡಸಾಲೆಗೆ ಬಂದ. 'ಯಾಕ ಬೇ ಇಮಾಂಬಿ, ಸೊರಗಿಯಲ್ಲ?' ಅಂತ ಕೇಳಿದ. ಒಳ್ಳೆಯ ಮನುಷ್ಯನೇ, ಕೇಳಿದ.

ಅವಳು ಬಳೆಯ ಗೊಂಚಲು ಕೆಳಗಿಟ್ಟು ಹೇಳಿದಳು, 'ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ನೀವು ಕೊಟ್ಟ ಬಿಸಿಲಿನ ಕರೆಂಟ್‌ನಾಗ ನಾ ನಾಕೈದು ತಿಂಗಳು ಮನಿಶ್ಯಾಳಂಗ ಬದುಕೇನ್ರಿ. ದಿನಾ ನಿಮ್ಮ ಹೆಸರು ತಗೊಂಡು ದುವಾ ಮಾಡೇನಿ. ಈಗ ಆ ಬೋರ್ಡ್ ಅಡ್ಡ ಬಂದೈತ್ರಿ. ಅದನ್ನೊಂದಿಷ್ಟು ಇಳಸ್ರಿ, ನಿಮ್ಮ ಕಾಲು ಬೀಳತೇನಿ.'

ಇಡೀ ಊರಿಗೆ ಗೊತ್ತಿದ್ದ ಮಾತು, ಇಡೀ ಊರು ನುಂಗಿಕೊಂಡಿದ್ದ ಮಾತು. ಆಡಿದವಳು ಯಾರು? ಅದರಿಂದ ಸಾಯುವವಳು.

ಸಾವ್ಕಾರನ ಮನಸ್ಸಿಗೆ ನಾಟಿತು. ನಿಜವಾಗಿ ನಾಟಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮರುದಿನವೇ ಬೋರ್ಡಿನವನನ್ನು ಕರೆಸಿದ. 'ಎತ್ತರ ಕಮ್ಮಿ ಮಾಡು' ಅಂದ. 'ಯಾವ ಸಾಲು ತಗೀಲ್ರಿ?' ಅಂದ ಬೋರ್ಡಿನವನು.

ಈಗ ನೋಡಿ, ಈಗ ನೋಡಿ ಮನುಷ್ಯನ ಬುದ್ಧಿ! ಮೊದಲು ಯಾರನ್ನು ತೆಗೆಸಿದ? ದೇವರನ್ನು. 'ದೇವರು ಎಲ್ಲಾ ಕಡೆ ಅದಾನ. ಬೋರ್ಡಿನ ಮ್ಯಾಲೆ ಬ್ಯಾರೆ ಯಾಕ ಬೇಕು?' ವೇದಾಂತ! ಆಮೇಲೆ ಯಾರು? ಅಪ್ಪ. 'ಅಪ್ಪ ಶಿವನ ಪಾದ ಸೇರಿ ಭಾಳ ವರ್ಷ ಆತು. ಅವ್ರಿಗೆ ಈಗ ಹೆಸರಿನ ಆಸೆ ಎಲ್ಲಿಂದ?' ಆಮೇಲೆ ಹೆಂಡತಿ. ಆಕೆ ತಾನಾಗಿಯೇ ಹೇಳಿದಳು, 'ನಂದು ತಗಸ್ರಿ. ನಿಮ್ಮದೂ ತಗಸ್ರಿ.' ಅವನಿಗೆ ಮೊದಲಿನ ಅರ್ಧ ಮಾತ್ರ ಕೇಳಿಸಿತು. ದೇವರು ಹೋದ, ಅಪ್ಪ ಹೋದ, ಹೆಂಡತಿ ಹೋದಳು. ಯಾರು ಉಳಿದರು? ಹೇಳಿ, ಯಾರು ಉಳಿದರು?

ಸರಿ, ಉಳಿಯಲಿ. ಎತ್ತರವಾದರೂ ಕಡಿಮೆ ಆಯಿತಲ್ಲ ಅಂತೀರಿ. ಸಾವ್ಕಾರ ರಸ್ತೆಗೆ ಬಂದು ನಿಂತು ನೋಡಿದ. ಒಂದೇ ಸಾಲಿನ ಬೋರ್ಡು ಬಡವಾಗಿ ಕಾಣಿಸಿತು. ಬೋಳಾಗಿ ಕಾಣಿಸಿತು. 'ಅಕ್ಷರ ಒಂದೀಟು ದೊಡ್ಡದು ಮಾಡಪಾ' ಅಂದ. ಬೋರ್ಡಿನವನು ದೊಡ್ಡದು ಮಾಡಿದ. 'ಇನ್ನೊಂದೀಟು' ಅಂದ. ಕೆಲಸ ಮುಗಿಯುವಷ್ಟರಲ್ಲಿ ಬೋರ್ಡು ಮೊದಲು ಎಷ್ಟು ಎತ್ತರ ಇತ್ತೋ ಅಷ್ಟೇ ಎತ್ತರಕ್ಕೆ ಬಂದು ನಿಂತಿತ್ತು. ನೆರಳು ಹಿಂದೆ ಎಲ್ಲಿ ಬೀಳುತ್ತಿತ್ತೋ ಅಲ್ಲೇ ಬಿತ್ತು.

ಸಾವ್ಕಾರನಿಗೆ ನಸುಕಿನಲ್ಲಿ ವಾಕಿಂಗ್ ಹೋಗುವ ರೂಢಿ. ಯಾವ ದಾರಿಯಲ್ಲಿ ಅಂತ ನಾನು ಹೇಳಬೇಕಿಲ್ಲ. ಒಂದು ದಿನ ಬಸ್ ನಿಲ್ಲುವಲ್ಲಿ, ಅವನೇ ಹಾಕಿಸಿದ ಬೆಂಚಿನ ಮೇಲೆ ಇಮಾಂಬಿ ಕೂತಿದ್ದಳು. ಚಳಿಗೆ ಸೆರಗು ಹೊದ್ದು, ಎದುರಿನ ಮಾಳಿಗೆಯನ್ನೇ ನೋಡುತ್ತಿದ್ದಳು. ಲೈಟಿನ ಸರದ ನಡುವೆ ಬೋರ್ಡು ಜಗಜಗ ಅನ್ನುತ್ತಿತ್ತು. ಸಾವ್ಕಾರ ನಿಂತ.

'ಏನ ಬೇ ಇಮಾಂಬಿ, ನೀ ಹೇಳಿದಂಗ ಮೂರು ಸಾಲು ತಗಿಸಿಬಿಟ್ಟೆ. ಈಗ ಹೆಂಗ ಕಾಣತೈತಿ?'

'ಛಲೋ ಕಾಣತೈತ್ರಿ,' ಅಂದಳು ಅವಳು. 'ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ರಿ ಸಾವ್ಕಾರ್ರ. ಬಸ್ ಕಾಯ್ಕೋಂತ ಇಲ್ಲಿ ಕುಂತು ಕುಂತು ಅದನ್ನ ನೋಡಿ, ನೋಡಿ, ನಿಮ್ಮ ಹೆಸರು ಒಂದು ಓದಾಕ ಕಲತೇನ್ರಿ. ಮೊದಲನೇ ಅಕ್ಷರ ನನ್ನ ಬಳಿಯಂಗ ದುಂಡಗೈತಿ. ಇನ್ನ ಸಾಯೂತನಕ ಮರೆಯೂದಿಲ್ರಿ.'

ಬಸ್ಸು ಬಂತು. ಕಂಡಕ್ಟರ್ ಕೈ ಕೊಟ್ಟು ಹತ್ತಿಸಿಕೊಂಡ. ಅವಳು ಹೋದಳು.

ಸಾವ್ಕಾರ ಏನು ಮಾಡಿದ? ಕುಸಿದು ಕೂತನೇ? ಅತ್ತನೇ? ಓಡಿಹೋಗಿ ಬೋರ್ಡು ಕಿತ್ತನೇ? ಕಥೆಯಲ್ಲಿ ಹಾಗೆ ಆಗಬೇಕು, ನಿಮಗೂ ಹಾಗೇ ಬೇಕು. ಅವನು ಖುಷಿಪಟ್ಟ! ನಾಷ್ಟಾಕ್ಕೆ ಕೂತಾಗ ಹೆಂಡತಿಗೆ ಹೇಳಿದ, 'ಕೇಳಿದೇನು? ಓದಾಕ ಬಾರದ ಇಮಾಂಬಿ ನನ್ನ ಬೋರ್ಡ್ ನೋಡಿ ಅಕ್ಷರ ಕಲತಾಳ. ಇಂಥಾವು ಇನ್ನೂ ನಾಕು ಹಾಕಸಬೇಕು.' ಹೆಂಡತಿ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ರೊಟ್ಟಿಗೆ ಉಪ್ಪು ಕಮ್ಮಿ ಆಗಿರಬೇಕು ಅಂದುಕೊಂಡ ಅವನು. ಅಲ್ಲಿಗೆ ಕಥೆ ಮುಗಿಯಿತು.

ಆ ಶ್ರೀಮಂತ ಯಾವ ಊರಿನವನು ಅಂತ ಅಲ್ಲಿ ಒಬ್ಬರು ಪಿಸುಗುಟ್ಟಿದರು, ನನಗೆ ಕೇಳಿಸಿತು. ಇನ್ನೊಬ್ಬರು, ನಮ್ಮ ಬೀಗರ ಪೈಕಿ ಇಂಥವರೇ ಒಬ್ಬರಿದ್ದಾರೆ ಅಂದರು. ಇಷ್ಟು ಜನ ಕೂತಿದ್ದೀರಿ. ಇಮಾಂಬಿ ಬದುಕಿದ್ದಾಳಾ ಅಂತ ಒಬ್ಬರಾದರೂ ಕೇಳಿದಿರಾ? ನನಗೆ ಇದರಿಂದ ಸಂಕಟ ಆಗುತ್ತದೆ, ಸಿಟ್ಟೂ ಬರುತ್ತದೆ. ಕೊಟ್ಟವನ ವಿಳಾಸ ಬೇಕು ನಿಮಗೆ. ತಗೊಂಡವಳ ಉಸಿರು ಬೇಡ. ಕೇಳದಿದ್ದರೂ ಹೇಳುತ್ತೇನೆ: ಅವಳು ನಾಳೆ ನಸುಕಿಗೂ ಆ ಬಸ್ಸಿಗೆ ನಿಲ್ಲುತ್ತಾಳೆ. ಎಷ್ಟು ದಿನ ನಿಲ್ಲುತ್ತಾಳೆ ಅನ್ನುವುದು ಬೋರ್ಡು ಎಷ್ಟು ದಿನ ನಿಲ್ಲುತ್ತದೆ ಅನ್ನುವುದರ ಮೇಲಿದೆ.

ಈಗ ತಲೆ ಎತ್ತಿ. ಎತ್ತಿ ಅಂದೆ, ನಾಚಿಕೆ ಯಾಕೆ? ಈ ಸಭಾಮಂಟಪದ ಫ್ಯಾನು ನೋಡಿ. ಒಂದೊಂದು ರೆಕ್ಕೆಯ ಮೇಲೆ ಒಬ್ಬೊಬ್ಬರ ಹೆಸರು. ಫ್ಯಾನು ತಿರುಗುವಾಗ ನಿಮ್ಮ ಹೆಸರು ಕಾಣುವುದಿಲ್ಲ, ಅದಕ್ಕೆ ಕೆಲವರು ಬಂದು ಆಫ್ ಮಾಡಿ ನೋಡಿಕೊಂಡು ಹೋಗುತ್ತೀರಿ. ನಾನು ನೋಡಿದ್ದೇನೆ. ಈ ಕಥೆ ನನಗೆ ಯಾಕೆ ನೆನಪಾಯಿತು ಗೊತ್ತೇ? ನಮ್ಮ ಮಠದ ಹೆಣ್ಣುಮಕ್ಕಳ ಪ್ರಸಾದ ನಿಲಯದ ಮಾಳಿಗೆಗೆ ಬರುವ ವಾರ ಸೋಲಾರ್ ಪ್ಲೇಟು ಬರುತ್ತಿವೆ. ಅಲ್ಲೂ ಪಾಲುದಾರಿಕೆ, ಅಲ್ಲೂ ಕಂಪನಿ, ಅಲ್ಲೂ ದಾನಿಗಳು. ಬಿಲ್ಲು ಇಳಿದರೆ ಇನ್ನೊಂದು ಕೋಣೆಯಷ್ಟು ಹುಡುಗಿಯರನ್ನು ಸೇರಿಸಿಕೊಳ್ಳಬಹುದು. ನಿನ್ನೆ ನಮ್ಮ ಕಮಿಟಿಯವರು ಬಂದರು. ಕೈ ಮುಗಿದು ಕೇಳಿದರು, 'ಅಪ್ಪಾರ, ದಾನಿಗಳ ಬೋರ್ಡ್ ಯಾವ ಕಡೆ ನಿಲ್ಲಸೂಣ್ರಿ?'

ಯಾವ ಕಡೆಯೂ ಬೇಡ. ಅದನ್ನು ಹೇಳುವುದಕ್ಕೇ ಇಷ್ಟು ಹೊತ್ತು ತೆಗೆದುಕೊಂಡೆ.

ಆ ಪ್ಲೇಟುಗಳ ಮೇಲೆ ಧೂಳು ಕೂರುತ್ತದೆ. ಪಾರಿವಾಳ ಗಲೀಜು ಮಾಡುತ್ತವೆ. ತಿಂಗಳಿಗೆ ಎರಡು ಸಲವಾದರೂ ಬೆಳ್ಳಂಬೆಳಿಗ್ಗೆ ಯಾರಾದರೂ ಮಾಳಿಗೆ ಹತ್ತಿ ನೀರು ಹಾಕಿ ಒರೆಸಬೇಕು. ಅಲ್ಲಿ ನಿಮ್ಮನ್ನು ಯಾರೂ ನೋಡುವುದಿಲ್ಲ, ಫೋಟೋದವನು ಬರುವುದಿಲ್ಲ, ಶಾಲು ಹೊದಿಸುವುದಿಲ್ಲ. ಪಾಲುದಾರಿಕೆ ಅಂದರೆ ಆ ಕೆಲಸ. ಕೊಟ್ಟವರೂ ಬನ್ನಿ, ಕೊಡಲಾಗದವರೂ ಬನ್ನಿ, ಮನೆಯ ಹಳೆಯ ಬಟ್ಟೆಯೊಂದು ತನ್ನಿ. ಮೊದಲ ಸಲ ನಾನೇ ಬಕೆಟ್ ಹಿಡಿಯುತ್ತೇನೆ. ನಾನು ಬಂದೆ ಅಂತ ಪೇಪರಿಗೆ ಹೇಳಿದವರು ಮುಂದಿನ ಸಲ ಒಬ್ಬರೇ ಒರೆಸಬೇಕು.

ಇದು ಮಾಳಿಗೆಗಷ್ಟೇ ಹೇಳಿದ ಮಾತಲ್ಲ. ತಮ್ಮನ ಮಗಳಿಗೆ ಫೀಸು ಕಟ್ಟಿದ್ದೀರಿ, ಒಳ್ಳೆಯದು. ಮನೆಗೆ ಬಂದವರ ಮುಂದೆಲ್ಲ ಅವಳನ್ನು ಕರೆದು, 'ಈಕಿನ್ನ ಓದಸಾಕತ್ತಾವ ನಾನ' ಅನ್ನುತ್ತೀರಲ್ಲ, ಆ ಹುಡುಗಿ ತಲೆ ತಗ್ಗಿಸಿ ನಿಲ್ಲುತ್ತಾಳಲ್ಲ, ಅದೇ ನಿಮ್ಮ ಬೋರ್ಡು. ಕೆಲಸದವಳಿಗೆ ಹಳೆಯ ಸೀರೆ ಕೊಟ್ಟು, ಅವಳು ಉಟ್ಟು ಬಂದಾಗಲೆಲ್ಲ 'ಇದು ನಾ ಕೊಟ್ಟಿದ್ದು' ಅಂತ ನೆರೆಯವರಿಗೆ ತೋರಿಸುತ್ತೀರಲ್ಲ ತಾಯಂದಿರೇ, ಅದೂ ಬೋರ್ಡೇ. ಕೊಡಬೇಡಿ ಅನ್ನುತ್ತಿಲ್ಲ ನಾನು. ಕೊಡಿ. ಕೊಟ್ಟಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಅವರ ಮೇಲೆ ಬಿಸಿಲು ಬೀಳಲಿ. ಮತ್ತೆ, ಯಾರ ನೆರಳು ಎಲ್ಲಿ ಬಿದ್ದಿದೆ ಅಂತ ಗೊತ್ತಿದ್ದೂ ಉಪ್ಪಿಟ್ಟು ತಿಂದು ಎದ್ದು ಬರುವ ಕಮಿಟಿಯವರಾಗಬೇಡಿ. ಇಮಾಂಬಿ ಬಾಯಿ ಬಿಡುವ ತನಕ ಕಾಯಬೇಡಿ.

ಪ್ರಸಾದ ತಯಾರಾಗಿದೆ, ಏಳಿ. ಅಲ್ಲಿ ಕೊಡುವ ಸ್ಟೀಲ್ ತಟ್ಟೆಗಳ ಮೇಲೂ ಹೆಸರು ಕೊರೆಸಿದ್ದೀರಿ, ಗೊತ್ತು ನನಗೆ. ಅನ್ನದ ಕೆಳಗೆ ಯಾರ ಹೆಸರಿದೆ ಅಂತ ಇವತ್ತು ಹುಡುಕಬೇಡಿ. ಉಂಡು, ಅವರವರ ತಟ್ಟೆ ಅವರವರೇ ತೊಳೆದಿಟ್ಟು ಹೋಗಿ.